ಸಾರು ಕುಡಿದ ಮೇಜುಬಟ್ಟೆ

ಅದು 2009ರ ಜುಲೈ. ನ್ಯೂಜೆರ್ಸಿಯ ಕೆಂಡಲ್ ಪಾರ್ಕ್‌ನಲ್ಲಿ ಸಲ್ಮಾ ಆಂಟಿಯ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನಾನು ಓದಿದ್ದು ಎಂಟನೇ ಕ್ಲಾಸು, ಅದೂ ಚನ್ನಪಟ್ಟಣದ ಕನ್ನಡ ಶಾಲೆಯಲ್ಲಿ. ಆಂಟಿ ಮೈಸೂರಿನವರು. ಆ ವರ್ಷ ಕಂಡಕಂಡವರ ಕೆಲಸ ಹೋಗುತ್ತಿತ್ತು. ಆಫೀಸೇ ಇಲ್ಲದವರು ಸೂಟು ಒಗೆಸುತ್ತಾರಾ? ಅಂಗಡಿ ತುಂಬ ಖಾಲಿ ಹ್ಯಾಂಗರು.

ಆಗ ಮನ್ರೋದ ಒಂದು ಪಾರ್ಟಿ ಹಾಲ್‌ನ ಮ್ಯಾನೇಜರ್ ಪಾಟೀಲ್ ಅಂಕಲ್ ಕೆಲಸ ಕೊಟ್ಟರು. ಹುಬ್ಬಳ್ಳಿ ಕಡೆಯವರು. ಅವರ ಬಿಳಿ ಮೇಜುಬಟ್ಟೆಗಳಿಗೆ ಸಾರು, ಜ್ಯೂಸು ಹಿಡಿಯದ ಹಾಗೆ ಔಷಧಿ ಹಾಕಿಕೊಡಬೇಕು. ಆ ಔಷಧಿ ಕೂತರೆ ದಾರ ನೀರನ್ನು ಒಳಗೆ ಬಿಡುವುದಿಲ್ಲ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಉರುಳಿ ಹೋಗುತ್ತದೆ. ಮೊದಲ ಇಪ್ಪತ್ತು ಬಟ್ಟೆ ಸರಿ ಬಂದರೆ ಹಾಲ್‌ನ ಒಗೆತವೆಲ್ಲ ನಮಗೆ. ಬರದಿದ್ದರೆ ಅಂಗಡಿಗೆ ಬೀಗ. ಆಂಟಿ ಹಾಗಂತ ಹೇಳಿಯೇ ಬಿಟ್ಟಿದ್ದರು.

"ಔಷಧೀಲಿ ಅದ್ದಿ, ಹಿಂಡಿ, ಡ್ರೈಯರ್‌ಗೆ ಹಾಕು" ಎಂದು ಹೇಳಿ ಅವರು ಹೊರಗೆ ಹೋದರು. ನಾನು ಅದ್ದಿದೆ, ಹಿಂಡಿದೆ. ಹೊರಗೆ ನೋಡಿದರೆ ಸುಡು ಬಿಸಿಲು. ಡ್ರೈಯರ್‌ಗೆ ಗ್ಯಾಸ್ ಯಾಕೆ ದಂಡ ಮಾಡಬೇಕು? ಅಂಗಡಿಯ ಹಿಂದೆ ಹಗ್ಗ ಕಟ್ಟಿ ನಮ್ಮೂರಿನ ಹಾಗೆ ಸಾಲಾಗಿ ಒಣಹಾಕಿದೆ. ಸುಕ್ಕು ಬೀಳದ ಬಟ್ಟೆ, ಇಸ್ತ್ರಿ ಬೇಕಿರಲಿಲ್ಲ. ಒಂದರ ಮೂಲೆ ಮಾತ್ರ ಕ್ಲಿಪ್ಪಿಗೆ ಸಿಕ್ಕಿ ಮುದುಡಿತ್ತು, ಅಲ್ಲಿ ಇಸ್ತ್ರಿ ಎಳೆದೆ. ಭಾರಿ ಜಾಣ ಅಂದುಕೊಂಡಿದ್ದೆ ನನ್ನನ್ನು.

ಶನಿವಾರ ಬೆಳಿಗ್ಗೆ ಹಾಲ್‌ನಲ್ಲಿ ಹಾಸಿದೆವು. ಮಧ್ಯಾಹ್ನ ಒಂದು ಮಗುವಿನ ಮೊದಲ ಬರ್ತ್‌ಡೇ ಇತ್ತು. ಪಾಟೀಲ್ ಅಂಕಲ್ ಅಡುಗೆಮನೆಯಿಂದ ಒಂದು ಬಟ್ಟಲು ಸಾರು ತಂದು ಮೇಜಿನ ಮೇಲೆ ಸುರಿದೇಬಿಟ್ಟರು. ಬಟ್ಟೆ ಗಟಗಟ ಕುಡಿಯಿತು.

"ಏನ್ ತಮ್ಮಾ, ನಿನ್ನ ಬಟ್ಟಿ ಇನ್ನೊಂದ್ ಬಟ್ಟಲ ಸಾರು ಕೇಳಾಕತ್ತೈತಲ್ಲೋ!"

ಆಂಟಿಯ ಮುಖ ನೋಡಲಾಗದೆ ನಾನು ಮೇಜನ್ನೇ ನೋಡುತ್ತಿದ್ದೆ. ಸಾರು ಹರಡುತ್ತ ಹರಡುತ್ತ ಒಂದು ಮೂಲೆಗೆ ಹೋಗಿ ನಿಂತುಬಿಟ್ಟಿತು. ಅಲ್ಲಿ ಮುತ್ತಿನ ಹಾಗೆ ಗುಂಡಗೆ ಹನಿಗಳು.

"ಆಂಟಿ, ಇಲ್ಲಿ ಹಿಡೀತಾ ಇಲ್ಲ! ಇಲ್ಲಿ ಇಸ್ತ್ರಿ ಹಾಕಿದ್ದೆ!"

"ಮಿಕ್ಕಿದ್ದು ಡ್ರೈಯರ್‌ಗೆ ಹಾಕ್ಲಿಲ್ವಾ?"

"ಬಿಸಿಲಿಗೆ ಹಾಕಿದೆ."

"ಅಯ್ಯೋ ದಡ್ಡ! ಜೋರಾಗಿ ಬಿಸಿ ತಗಲಿದ್ರೇನೇ ಔಷಧಿ ದಾರಕ್ಕೆ ಹಿಡಿಯೋದು. ಡಬ್ಬದ ಮೇಲೇ ಬರ್ದಿದೆ, ಓದ್ಲಿಲ್ವೇನೋ?"

"ನಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ ಆಂಟಿ."

ಒಂದು ವರ್ಷದಿಂದ ಮುಚ್ಚಿಟ್ಟ ಮಾತು ಬಾಯಿಂದ ಬಿತ್ತು. ಪಾಟೀಲ್ ಅಂಕಲ್ ಗಡಿಯಾರ ನೋಡಿದರು. "ಮಂದಿ ಬರೂದು ಎರಡಕ್ಕ. ಇಸ್ತ್ರಿ ಪೆಟ್ಟಿಗಿ ಎಷ್ಟದಾವ?"

ಸಾರು ಕುಡಿದದ್ದನ್ನು ಪಕ್ಕಕ್ಕಿಟ್ಟು ಅವರ ಹಳೆಯ ಬಟ್ಟೆ ಹಾಸಿದೆವು. ಅಂಗಡಿಯಿಂದ ಎರಡು ಇಸ್ತ್ರಿ ಪೆಟ್ಟಿಗೆ ತಂದು, ಉಳಿದ ಹತ್ತೊಂಬತ್ತಕ್ಕೂ ನಾನು ಒಂದು ಕಡೆಯಿಂದ, ಆಂಟಿ ಇನ್ನೊಂದು ಕಡೆಯಿಂದ ಇಸ್ತ್ರಿ ಉಜ್ಜಿದೆವು. ಅಂಕಲ್ ಟೈ ಹೆಗಲ ಮೇಲೆ ಹಾಕಿಕೊಂಡು, ಮುಗಿದದ್ದರ ಮೇಲೆ ನೀರು ಚಿಮುಕಿಸಿ, ಹನಿ ಇಂಗದೆ ನಿಂತ ಕೂಡಲೇ ವಿಕೆಟ್ ಬಿದ್ದ ಹಾಗೆ "ನಿಂತೂ!" ಎಂದು ಕೂಗುತ್ತಿದ್ದರು. ಹತ್ತೊಂಬತ್ತು ಸಲ ಕೂಗಿದರು.

ಕೇಕ್ ಕತ್ತರಿಸುವಾಗ ಬರ್ತ್‌ಡೇ ಮಗು ಒಂದು ದೊಡ್ಡ ಲೋಟ ದ್ರಾಕ್ಷಿ ಜ್ಯೂಸನ್ನು ಕೈ ಬೀಸಿ ಕೆಡವಿತು. ಎಲ್ಲರೂ "ಅಯ್ಯೋ" ಅಂದರು. ಜ್ಯೂಸು ಬಟ್ಟೆಯ ಮೇಲೆ ಪಟಪಟ ಉರುಳಿ, ಅಂಚು ದಾಟಿ, ಪಾಟೀಲ್ ಅಂಕಲ್‌ರ ಕ್ರೀಮ್ ಬಣ್ಣದ ಪ್ಯಾಂಟಿನ ಮೇಲೆ ಬಿತ್ತು. ಮೇಜುಬಟ್ಟೆಯಲ್ಲಿ ಒಂದು ಚುಕ್ಕೆ ಕಲೆ ಇಲ್ಲ. ಪ್ಯಾಂಟು ಪೂರ್ತಿ ನೇರಳೆ.

"ಪ್ಯಾಂಟ್ ಬಿಡ್ರಿ, ಬಟ್ಟಿ ನೋಡ್ರಿ!" ಅಂಕಲ್ ಕುಣಿದರು. ಆಂಟಿ ನಕ್ಕು ನಕ್ಕು ಕುರ್ಚಿಗೆ ಕುಸಿದರು. "ಸೋಮವಾರದಿಂದ ಎಲ್ಲಾ ನಿಮಗ, ಸಲ್ಮಾ ಅವ್ರೇ. ಮೊದಲ ಈ ಪ್ಯಾಂಟ್ ತಗೋರಿ."

ಅಂಗಡಿ ಮುಚ್ಚಲಿಲ್ಲ. ಸೋಮವಾರ ಊಟವಾದ ಮೇಲೆ ಆಂಟಿ ಅದೇ ಔಷಧಿ ಡಬ್ಬ ತಂದು ನನ್ನ ಮುಂದೆ ಕುಕ್ಕಿ, "ಓದು" ಅಂದರು. ದಿನಾ ಅರ್ಧ ಗಂಟೆ. ನಾನು ಇಂಗ್ಲಿಷಿನಲ್ಲಿ ಪೂರ್ತಿಯಾಗಿ ಓದಿದ ಮೊದಲ ಸಾಲು, ಬಿಸಿ ಕೊಡಿ ಅನ್ನುವುದೇ. ಓದಿ ಮುಗಿಸಿದಾಗ ಆಂಟಿ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಬೆಚ್ಚಿಬೀಳುವ ಹಾಗೆ "ನಿಂತೂ!" ಎಂದು ಕೂಗಿದರು. ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.