ಬಳಸಿ ತೋರಿಸುವ ಶನಿವಾರ

ಮೊನ್ನೆ ದಾವಣಗೆರೆಯ ಪೇಟೆಯಲ್ಲಿ ಹೋಗುತ್ತಿದ್ದಾಗ ಮೋಟಾರ್ ವೈಂಡಿಂಗ್ ಅಂಗಡಿಯೊಂದರಿಂದ ಸುಟ್ಟ ವಾರ್ನಿಷಿನ ವಾಸನೆ ಬಂತು. ಜೊತೆಗಿದ್ದ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ನಿಂತು ಇನ್ನೊಮ್ಮೆ ಉಸಿರೆಳೆದುಕೊಂಡೆ. ಕರೆಂಟಿನ ಕೆಲಸ ಮಾಡಿ ಹೊಟ್ಟೆ ಹೊರೆಯುವವನಿಗೆ ಇದೇ ಶ್ರೀಗಂಧ, ಏನು ಮಾಡುತ್ತೀರಿ! ಆ ವಾಸನೆಗೆ ನಾನು ಓದಿದ ಹರಿಹರದ ಐಟಿಐ ಅಂಗಳವೇ ಕಣ್ಣಮುಂದೆ ಬಂತು.

ಅಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಒಂದು ಪೀರಿಯಡ್. ಕೆಲಸದ ಬಗ್ಗೆ ಮನೋಭಾವ ಹೇಗಿರಬೇಕು, ಸಾಹೇಬರ ಕೈ ಹೇಗೆ ಕುಲುಕಬೇಕು ಎಂದೆಲ್ಲ ಕಲಿಸುತ್ತಿದ್ದರಂತೆ. ನಾನು ತೂಕಡಿಸುತ್ತಿದ್ದೆ. ಹಾಗಿದ್ದೂ ಕೆಲಸದ ನಿಯತ್ತು ಅನ್ನುವುದು ಅಷ್ಟಿಷ್ಟು ನಮ್ಮೊಳಗೆ ಹೊಕ್ಕಿದ್ದರೆ, ಅದು ಯಾವಾಗ, ಎಲ್ಲಿಂದ ಹೊಕ್ಕಿತು? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಕೆಣಕುತ್ತದೆ. ನನ್ನ ಗುಮಾನಿಯೆಲ್ಲ ನಮ್ಮ ವಿದ್ಯಾರ್ಥಿ ಸಂಘದ ಮೇಲೆ.

ಸಂಘದವರು ನಾವು ಶನಿವಾರ ಊರವರ ಕೆಟ್ಟ ಫ್ಯಾನು, ಮಿಕ್ಸಿಗಳನ್ನು ಬಿಟ್ಟಿಯಾಗಿ ರಿಪೇರಿ ಮಾಡಿಕೊಡುತ್ತಿದ್ದೆವು. ನಾನು ಸೇರಿದ್ದು ಸೇವೆಗಲ್ಲ, ಸಂಜೆ ಕೊಡುತ್ತಿದ್ದ ಮಂಡಕ್ಕಿ ಮಿರ್ಚಿಗೆ. ಅಲ್ಲೊಂದು ವಿಚಿತ್ರ ರೂಢಿಯಿತ್ತು. ರಿಪೇರಿ ಮಾಡಿದವರೇ ಆ ವಸ್ತುವನ್ನು ಅದರ ಯಜಮಾನರ ಎದುರು ಬಳಸಿ ತೋರಿಸಬೇಕು. ಇಸ್ತ್ರಿಪೆಟ್ಟಿಗೆಯಾದರೆ ತನ್ನದೇ ಅಂಗಿ ಇಸ್ತ್ರಿ ಮಾಡಬೇಕು. ಹಾಗೆ ನನ್ನದೊಂದು ಒಳ್ಳೆಯ ಅಂಗಿ ಸುಟ್ಟುಹೋಯಿತು, ಇರಲಿ.

ಸಂಘದ ಅಧ್ಯಕ್ಷೆ ಹದಡಿಯ ಸುಮಂಗಲ, ನನ್ನ ಸಹಪಾಠಿ. ಒಮ್ಮೆ ಗುತ್ತೂರಿನ ಪಾರ್ವತಕ್ಕನ ಗ್ರೈಂಡರ್ ಮೋಟಾರಿಗೆ ಅವಳು ಹೊಸದಾಗಿ ತಂತಿ ಸುತ್ತಿದ್ದಳು. ಪಾರ್ವತಕ್ಕ ಒಂದು ಹೋಟೆಲಿಗೆ ದೋಸೆ ಹಿಟ್ಟು ರುಬ್ಬಿಕೊಟ್ಟು ಮನೆ ನಡೆಸುತ್ತಿದ್ದವರು. ಮಾರನೆಯ ಬೆಳಗ್ಗೆ ಹಿಟ್ಟು ಬರದಿದ್ದರೆ ಬೇರೆಯವರಿಗೆ ಹೇಳುತ್ತೇವೆ ಎಂದು ಹೋಟೆಲಿನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಸುಮಂಗಲ ಹೇಳಿದ್ದಳೆಂದು ನೆನೆಸಿದ ಅಕ್ಕಿಯನ್ನೂ ಹೊತ್ತು ತಂದಿದ್ದರು, ಪಾಪ.

ಸ್ವಿಚ್ ಹಾಕಿದಳು. ಗ್ರೈಂಡರ್ ಬೆಣ್ಣೆಯಂತೆ ತಿರುಗಿತು. ನಾವು ಚಪ್ಪಾಳೆ ತಟ್ಟಿದೆವು.

"ತಿರುಗ್ತೈತಲ್ಲವ್ವ, ಕೊಟ್ಬಿಡು. ಹೊತ್ತಾತು" ಎಂದರು ಪಾರ್ವತಕ್ಕ.

"ಬರೇ ತಿರುಗಿದ್ರ ಆಗಲ್ಲಕ್ಕ, ರುಬ್ಬಬೇಕು" ಎಂದು ಸುಮಂಗಲ ಅಕ್ಕಿ ಸುರಿದಳು.

ನೋಡನೋಡುತ್ತ ಅಕ್ಕಿ, ನೀರು ಎಲ್ಲ ಅಂಚು ಹತ್ತಿ ಹೊರಗೆ ಚೆಲ್ಲತೊಡಗಿತು. "ಅಯ್ಯೋ, ನನ್ನ ಅಕ್ಕಿ!" ಎಂದು ಪಾರ್ವತಕ್ಕ ಕೂಗಿದರು. ಗ್ರೈಂಡರ್ ತಿರುಗುತ್ತಿದ್ದದ್ದು ಉಲ್ಟಾ ದಿಕ್ಕಿಗೆ, ಅಕ್ಕಿಯನ್ನು ಒಳಕ್ಕೆಳೆಯುವ ಬದಲು ಹೊರಕ್ಕೆ ತಳ್ಳುತ್ತಿತ್ತು! ಒಳಗೆ ವೈರು ಅದಲುಬದಲಾಗಿತ್ತು. ಖಾಲಿ ಕಲ್ಲು ಯಾವ ಕಡೆ ತಿರುಗಿದರೇನು, ನಮ್ಮಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ.

ಪಕ್ಕದಲ್ಲಿದ್ದವನೊಬ್ಬ "ಕರೆಂಟ್ ಹೆಚ್ಚುಕಮ್ಮಿ ಆತು ಅಂದ್ಬಿಡು" ಎಂದು ಪಿಸುಗುಟ್ಟಿದ. ಸುಮಂಗಲಳ ಮುಖ ಕೆಂಪಾಗಿತ್ತು. ಆದರೂ ಪಾರ್ವತಕ್ಕನ ಕಡೆ ತಿರುಗಿ, "ಕರೆಂಟ್ ಸರಿ ಐತೆ ಅಕ್ಕ. ವೈರ್ ತಪ್ಪು ಕೊಟ್ಟಾಕಿ ನಾನು" ಎಂದಳು.

ಮೋಟಾರು ಬಿಚ್ಚಿ ಸರಿಮಾಡಿದಳು. ಆದರೆ ಮಣ್ಣುಪಾಲಾದ ಅಕ್ಕಿ? ಹಾಸ್ಟೆಲಿನ ಅಡಿಗೆಯವರ ಹತ್ತಿರ ಕಾಡಿ ಬೇಡಿ, ನಮ್ಮ ಭಾನುವಾರದ ದೋಸೆಗೆ ನೆನೆಸಿಟ್ಟದ್ದನ್ನೆಲ್ಲ ತಂದು ಅಲ್ಲೇ ರುಬ್ಬಿಕೊಟ್ಟಳು. ಹಿಟ್ಟು ಹೋಟೆಲಿಗೆ ಹೋಯಿತು, ಪಾರ್ವತಕ್ಕನ ವ್ಯಾಪಾರ ಉಳಿಯಿತು. ನಾವು ಮಾತ್ರ ಭಾನುವಾರ ಉಪ್ಪಿಟ್ಟು ತಿನ್ನುತ್ತ ಅಧ್ಯಕ್ಷೆಗೆ ಹಿಡಿಶಾಪ ಹಾಕಿದೆವು.

ಆಮೇಲೂ ಪಾರ್ವತಕ್ಕ ಫ್ಯಾನು, ಪಂಪು ಏನು ಕೆಟ್ಟರೂ ಸುಮಂಗಲಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಕ್ಕಿ ಚೆಲ್ಲಿದವಳ ಮೇಲೆ ಅದೆಂಥ ನಂಬಿಕೆಯೋ! ವಾರ್ನಿಷಿನ ವಾಸನೆ ಈ ಕುತೂಹಲವನ್ನು ಮತ್ತೆ ಕೆದಕಿತ್ತು. ಮರುದಿನ ಹರಿಹರಕ್ಕೆ ಹೋದವನು ಗುತ್ತೂರಿಗೂ ಹೋಗಿ ಕೇಳಿಯೇಬಿಟ್ಟೆ.

ಪಾರ್ವತಕ್ಕ ನಕ್ಕರು. "ಆ ಹುಡುಗಿ ತಪ್ಪು ಮಾಡಿದ್ದೂ ನನ್ ಕಣ್ಣೆದುರಿಗೇ, ಸರಿ ಮಾಡಿದ್ದೂ ನನ್ ಕಣ್ಣೆದುರಿಗೇ. ಮತ್ತೇನ್ ಬೇಕಪ್ಪ? ಉಳಿದೋರು ಏನ್ ಮಾಡ್ಯಾರೋ, ಮನಿಗೆ ಒಯ್ದ ಮ್ಯಾಲೆ ಗೊತ್ತಾಗ್ತೈತೆ."

ಆ 'ಉಳಿದೋರು' ನಾನೇ ಇರಬೇಕೆನಿಸಿತು. ಹಿಂದಿನ ವಾರವಷ್ಟೇ ಆನಗೋಡಿನ ಮನೆಯೊಂದರ ವೈರಿಂಗ್ ಮುಗಿಸಿ, ನಾಲ್ಕು ಬಲ್ಬು ಹತ್ತಿಸಿ ತೋರಿಸಿ ಬಂದಿದ್ದೆ. ಅವತ್ತು ಹೊತ್ತು ಮುಳುಗಿದ್ದರೂ ಬೈಕನ್ನು ನೇರ ಅಲ್ಲಿಗೇ ಬಿಟ್ಟೆ.

"ಎಲ್ಲಾ ಚಲೋ ಐತಲ್ರಿ, ಮತ್ಯಾಕ ಬಂದ್ರಿ?" ಎಂದರು ಮನೆಯಾಕೆ.

"ಗೀಜರ್, ಮಿಕ್ಸಿ, ಪಂಪು, ಏನೇನ್ ಐತೆ ಎಲ್ಲಾ ಒಟ್ಟಿಗೆ ಹಾಕ್ರಿ, ನೋಡಾನ" ಎಂದೆ.

ಹಾಕಿದರು. ಟಪ್ ಎಂದು ಇಡೀ ಮನೆ ಕತ್ತಲಾಯಿತು.

"ತಪ್ಪು ನಂದೇರಿ, ಎಲ್ಲಾ ಒಂದೇ ಲೈನಿಗೆ ಕೊಟ್ಟೀನಿ. ಸ್ವಲ್ಪ ಟಾರ್ಚ್ ಹಿಡೀರಿ" ಎಂದೆ. ಯಾಕೋ ಬಹಳ ಖುಷಿಯಾಗಿತ್ತು.