ಮಾರ್ಕೆಟ್ ಇಲ್ಲದ ದಿನದ ಸರ್ವರ್

ಗೆಳೆಯರೇ, ಮೆಣಸಿನಕಾಯಿ ದರ ತೋರಿಸುವ ನನ್ನ ಆ್ಯಪ್‌ನ ಕ್ಲೌಡ್ ಬಿಲ್ಲು ಕೈಮೀರಿತ್ತು. ಆ್ಯಪ್ ಮುಚ್ಚುತ್ತೇನೆ ಎಂದು ಹೇಳಲು ಇವತ್ತು ಬ್ಯಾಡಗಿಯ ವ್ಯಾಪಾರಿ ಶಾಂತಕ್ಕನ ಅಂಗಡಿಗೆ ಹೋದೆ. ಅದನ್ನು ಮೊದಲು ಬಳಸಿದವರೇ ಅವರು.

"ಕ್ಲೌಡ್ ಅಂದ್ರ ಏನೋ?" ಎಂದರು.

"ದೂರದಾಗಿನ ಕಂಪ್ಯೂಟರ್ ಬಾಡಿಗಿಗೆ ತಗೊಳ್ಳೂದ್ರಿ. ಎಷ್ಟು ದೊಡ್ಡದು, ಎಷ್ಟೊತ್ತು ಚಾಲೂ ಇರತೈತಿ, ಅಷ್ಟು ಬಾಡಿಗಿ."

"ಮಾರ್ಕೆಟ್ ವಾರಕ್ಕ ಎರಡ ದಿನ. ಉಳದ ದಿನಾನೂ ಅಷ್ಟ ದೊಡ್ಡದು ಯಾಕ? ನಾ ಏನ್ ದಿನಾ ಐವತ್ತು ಹಮಾಲರನ್ನ ಕರಸ್ತೇನೇನು?"

ನಾನು ನಾಚಿ, ಅಲ್ಲೇ ಲ್ಯಾಪ್‌ಟಾಪ್ ತೆರೆದು, ಉಳಿದ ದಿನಗಳಿಗೆ ಸಣ್ಣ ಸರ್ವರ್ ಸಾಕೆಂದು ಬದಲಿಸಿದೆ. ಬಿಲ್ಲಿನ ಅಂದಾಜು ಅರ್ಧಕ್ಕಿಳಿಯಿತು. ಆ್ಯಪ್ ಉಳಿಯಿತು.

ಇಂಥ ಸಲಹೆಗೆ ತಜ್ಞರು ಶುಲ್ಕ ಕೇಳುತ್ತಾರೆ. ಶಾಂತಕ್ಕ ಚಹಾ ಕುಡಿಸಿ ಕಳಿಸಿದರು.