ಬೀಗರನ್ನು ನಡುಹೊಳೆಯಿಂದ ತಿರುಗಿಸಿದ ನನ್ನಪ್ಪ

ಗಂಡನ ಮನೆಯಲ್ಲಿ ನನಗೆ ಬಿದ್ದ ಅಡ್ಡಹೆಸರು ‘ಹೊಳಿ ಮಗಳು’. ಅದನ್ನು ಹೊಗಳಿಕೆ ಅಂತ ಯಾರೂ ತಿಳಿಯಬೇಡಿ. ಸಿಂದಗಿಯಿಂದ ಒಂದು ಹರದಾರಿ ಒಳಗೆ, ಕರಿ ಎರೆಹೊಲಗಳ ನಡುವೆ ಇದ್ದ ಆ ಊರಿಗೆಲ್ಲ ಒಂದೇ ಸಿಹಿನೀರಿನ ಬಾವಿ. ಎಪ್ಪತ್ತೆರಡರ ಬರ ಕಳೆದು ಎರಡು ವರ್ಷವಾಗಿದ್ದರೂ ಜನ ನೀರನ್ನು ಇನ್ನೂ ತುಪ್ಪ ಬಡಿಸಿದ ಹಾಗೆ ಬಳಸುತ್ತಿದ್ದರು. ಅಲ್ಲಿಗೆ ಸೊಸೆಯಾಗಿ ಹೋದ ಮೊದಲ ವಾರ ನಾನು ನಾಲ್ಕು ಗಂಗಾಳ ತೊಳೆಯಲು ಎರಡು ಕೊಡ ನೀರು ಸುರುವಿಬಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

“ಯವ್ವಾ, ಇದು ನಿಮ್ಮಪ್ಪನ ಕೃಷ್ಣಾ ಹೊಳಿ ಅಲ್ಲ. ನನ್ನ ರಟ್ಟಿ ಸೇದಿ ತಂದ ನೀರು,” ಎಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ. “ನಮ್ಮೂರಾಗ ಎಮ್ಮಿ ಸೈತ ದಿನಾ ಜಳಕ ಮಾಡತಾವ್ರಿ ಅತ್ತಿ,” ಎಂದುಬಿಟ್ಟೆ. ಆವತ್ತಿನಿಂದ ನಾನು ಹೊಳಿ ಮಗಳು.

ನನ್ನ ತವರು ನಾಲತವಾಡದ ದಕ್ಷಿಣಕ್ಕೆ, ಕೃಷ್ಣೆಯ ದಂಡೆಯ ಮೇಲೆ. ಅಪ್ಪ ಅಂಬಿಗ. ಚರ್ಮ ಹೊದಿಸಿದ ದುಂಡನೆಯ ಹರಿಗೋಲಿನಲ್ಲಿ ಆಚೆ ದಡದವರನ್ನು ಈಚೆಗೆ, ಈಚೆ ದಡದವರನ್ನು ಆಚೆಗೆ ದಾಟಿಸುವುದು ಅವನ ಕೆಲಸ. ದೀಪಾವಳಿ ಕಳೆದು ಹೊಳೆ ಇಳಿದ ಮೇಲೆ ಇನ್ನೊಂದು ಕೆಲಸವಿತ್ತು. ಮುದ್ದೇಬಿಹಾಳದ ಮಾಸ್ತರರು, ಬಸವನ ಬಾಗೇವಾಡಿ ಕಡೆಯ ದೊಡ್ಡ ಕುಟುಂಬಗಳವರು ಧಬಧಬೆ ನೋಡಲು ಬರುತ್ತಿದ್ದರು. ಹೊಳೆಯ ಜೊತೆ ಒಂದು ಹರದಾರಿ ಕೆಳಗೆ ತೇಲಿಹೋದರೆ ಅಲ್ಲಿ ಹೊಳೆ ಬಂಡೆಗಳ ಮೇಲಿಂದ ಕೆಳಗೆ ಬೀಳುತ್ತದೆ. ಬೀಳುವ ಜಾಗಕ್ಕೆ ಸ್ವಲ್ಪ ಮೊದಲು ನೀರಿನಿಂದ ಎದ್ದ ಒಂದು ಅಗಲವಾದ ಹಾಸುಗಲ್ಲು. ಅಪ್ಪ ಹರಿಗೋಲನ್ನು ಅದಕ್ಕೆ ಹಚ್ಚಿ ಜನರನ್ನು ಇಳಿಸುತ್ತಿದ್ದ. ನೋಡಿ, ಬುತ್ತಿ ಬಿಚ್ಚಿ ಉಂಡು, ಎಲ್ಲರೂ ಕಾಲುದಾರಿಯಿಂದ ಊರಿಗೆ ಮರಳುವುದು. ಅಪ್ಪ ಹರಿಗೋಲನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ಮುಂದೆ ನಡೆಯುತ್ತಿದ್ದ. ಹಿಂದಿನಿಂದ ನೋಡಿದರೆ ಎರಡು ಕಾಲು ಬಂದ ಕೊಡೆ.

ಇದನ್ನೆಲ್ಲ ನಾನು ಗಂಡನ ಮನೆಯಲ್ಲಿ ಉಪ್ಪು ಖಾರ ಹಚ್ಚಿ ಹೇಳಿದ್ದೆ. “ಧಬಧಬಿ ಸದ್ದು ನಮ್ಮ ಅಂಗಳದ ಮಟಾ ಕೇಳತೈತ್ರಿ. ಬೀಸೂ ಕಲ್ಲಿನ ಸದ್ದು ಅದರ ಮುಂದ ಏನೂ ಅಲ್ಲ,” ಎನ್ನುತ್ತಿದ್ದೆ. ಮಾವ ಗುಲಾಬಿ ರುಮಾಲಿನೊಳಗಿಂದ ನಗುತ್ತಿದ್ದರು. ಅವರೂ ನಮ್ಮ ಅಂಬಿಗರ ಕುಲದವರೇ, ಆದರೆ ಯಾವ ಕಾಲದಲ್ಲೋ ಹೊಳೆ ಬಿಟ್ಟು ಹೊಲ ಹಿಡಿದವರು. ಹುಟ್ಟು ಅಂದರೆ ಅವರಿಗೆ ಸಾರು ತಿರುವುವ ಹುಟ್ಟು ಒಂದೇ ಗೊತ್ತು. ಊರಲ್ಲಿ ಅವರ ಮಾತಿಗೆ ತೂಕವಿತ್ತು, ಅವರಿಗೂ ಅದು ಚೆನ್ನಾಗಿ ಗೊತ್ತಿತ್ತು.

ಮರುವರ್ಷ ಶ್ರಾವಣದಲ್ಲಿ ಅಪ್ಪ ಬೀಗರನ್ನು ಹೋಳಿಗೆ ಊಟಕ್ಕೆ ಕರೆದ. ಹಿಂಗಾರಿ ಬಿತ್ತಿಗೆಗೆ ಇನ್ನೂ ಹೊತ್ತಿತ್ತು, ಎಲ್ಲರಿಗೂ ಬಿಡುವು. ಮಾವ, ಅತ್ತೆ, ನನ್ನ ಯಜಮಾನರು, ನಾನು, ಬಸ್ಸು ಬದಲಿಸುತ್ತ ನಾಲತವಾಡಕ್ಕೆ ಬಂದು ಅಲ್ಲಿಂದ ಚಕ್ಕಡಿಯಲ್ಲಿ ನಮ್ಮೂರು ಮುಟ್ಟಿದೆವು. ಕೈಕಾಲಿಗೆ ನೀರು ಕೊಟ್ಟ ಕೂಡಲೇ ಮಾವನ ಮೊದಲ ಮಾತು, “ಬೀಗರ, ನಾಳೆ ನಮಗ ಧಬಧಬಿ ತೋರಸ್ರಿ. ನಿಮ್ಮ ಮಗಳು ಒಂದ್ ವರ್ಷದಿಂದ ನಮ್ಮ ಕಿವಿ ತೂತು ಮಾಡ್ಯಾಳ.”

ಅಪ್ಪ ತಲೆ ಕೆರೆದುಕೊಂಡ. “ದೀಪಾವಳಿ ಆದ ಮ್ಯಾಲ ಬಂದ್ರ ಚಲೋರಿ. ಈಗ ಹೊಳಿ ತುಂಬೈತಿ.”

“ತುಂಬಿದಾಗ ಅಲ್ಲೇನ್ರಿ ನೋಡೂದು? ಒಣ ಹೊಳ್ಯಾಗ ಧಬಧಬಿ ಏನ್ ನೋಡೂದು?”

ಒಣನೆಲದವರ ಲೆಕ್ಕ ಇದು. ನೀರು ಹೆಚ್ಚಾದರೆ ಧಬಧಬೆಯೂ ಹೆಚ್ಚು! ಹೊಳೆ ದಂಡೆಯ ಕೂಸಿಗೂ ಗೊತ್ತಿರುತ್ತದೆ, ಹೊಳೆ ವಿಪರೀತ ಬಂದಾಗ ಧಬಧಬೆಯ ಕೆಳಗಿನ ಮಡುವೂ ತುಂಬಿ ಮೇಲೆದ್ದು, ಮೇಲಿನ ನೀರು ಕೆಳಗಿನ ನೀರು ಒಂದಾಗಿಬಿಡುತ್ತದೆ. ಆಗ ಬೀಳುವುದೂ ಇಲ್ಲ, ಸದ್ದೂ ಇಲ್ಲ. ಹಾಸುಗಲ್ಲೂ ಮುಳುಗುತ್ತದೆ, ಹರಿಗೋಲು ಹಚ್ಚಲು ಜಾಗವಿರುವುದಿಲ್ಲ. “ಸದ್ದು ಇದ್ರ ಸುಖ, ಸದ್ದು ಸತ್ರ ಸಾವು,” ಎಂದು ಅಪ್ಪ ನಾನು ಲಂಗ ಹಾಕುವ ವಯಸ್ಸಿನಲ್ಲೇ ಹೇಳಿಕೊಟ್ಟಿದ್ದ.

ಆದರೆ ಬೀಗರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವುದು ಹೇಗೆ? ಬೆಳಿಗ್ಗೆ ಅಪ್ಪ ಹೊಳೆಯ ಘಟ್ಟಕ್ಕೆ ಹೋಗಿ ಮೆಟ್ಟಿಲಲ್ಲಿದ್ದ ಕಲ್ಲಿನ ಬಸವಣ್ಣನನ್ನು ನೋಡಿ ಬಂದ. ನಮ್ಮ ಹೊಳೆಯ ಅಳತೆಗೋಲು ಆ ಬಸವಣ್ಣ. ನೀರು ಅವನ ಮೊಣಕಾಲು ಮುಟ್ಟಿದರೆ ಧಬಧಬೆಯ ಕಡೆ ಹೋಗುವಂತಿಲ್ಲ, ಕೊರಳು ಮುಟ್ಟಿದರೆ ದಾಟುವುದೇ ಬಂದ್. ನಾಲ್ಕು ದಿನದಿಂದ ಮಳೆ ನಿಂತು ಹೊಳೆ ಇಳಿದಿತ್ತು, ಪಾದ ಮಾತ್ರ ತೊಯ್ದಿತ್ತು. “ನಡೀರಿ, ಆದ್ರ ಹರಿಗೋಲದಾಗ ನನ್ನ ಮಾತು ನಡೀಬೇಕು,” ಎಂದ.

ಘಟ್ಟದಲ್ಲಿ ಮೊದಲು ಎಲ್ಲರ ಚಪ್ಪಲಿ ಬಿಚ್ಚಿಸಿದ. ಆಮೇಲೆ ಒಬ್ಬೊಬ್ಬರನ್ನೂ ಕಣ್ಣಲ್ಲೇ ತೂಗಿ ಎದುರುಬದುರು ಕೂಡ್ರಿಸಿದ. ಮಾವ ಘಟ್ಟಿ ಆಳು, ಅವರನ್ನು ಹಿಂದೆ. ಅವರ ಎದುರಿಗೆ ಅತ್ತೆ ಮತ್ತು ನಾನು, ಒಂದು ಪಕ್ಕಕ್ಕೆ ನನ್ನ ಯಜಮಾನರು, ಅವರ ಎದುರಿಗೆ ಹುಟ್ಟು ಹಿಡಿದ ಅಪ್ಪ. ಮಾವನಿಗೆ ಮುಂದೆ ಕೂತು ನೋಡುವ ಆಸೆ. “ಬೀಗರಿಗೆ ಹಿಂದಿನ ಜಾಗಾ ಏನ್ರಿ?” ಎಂದರು, ನಗುತ್ತಲೇ.

“ಹರಿಗೋಲದಾಗ ಬೀಗರು ಇರಂಗಿಲ್ರಿ. ಭಾರ ಅಷ್ಟ ಇರತೈತಿ,” ಎಂದ ಅಪ್ಪ. ಮಾವನ ನಗು ಅರ್ಧಕ್ಕೇ ನಿಂತಿತು.

ಮೊದಲರ್ಧ ದಾರಿ ಎಷ್ಟು ಚೆಂದ! ಕೆಂಪು ನೀರು, ಎರಡೂ ದಂಡೆಗೆ ಹಸಿರು ಜಾಲಿ, ಹರಿಗೋಲು ಮೆಲ್ಲಗೆ ತಿರುಗುತ್ತ ತೇಲುತ್ತಿತ್ತು. ಅಪ್ಪ ಹುಟ್ಟು ಹಾಕುತ್ತ ಅಲ್ಲಿ ಮೊಸಳೆ ಬಿಸಿಲು ಕಾಯುವ ದಿಬ್ಬ, ಇಲ್ಲಿ ಮುತ್ತಜ್ಜನ ಕಾಲದ ಹಳೆಯ ಘಟ್ಟ ಎಂದು ತೋರಿಸುತ್ತ ಹೋದ. ಜನ್ಮದಲ್ಲೇ ಇಷ್ಟು ನೀರು ನೋಡಿರದ ಅತ್ತೆ ಬೊಗಸೆಯಲ್ಲಿ ಎತ್ತುವುದು, ಚೆಲ್ಲುವುದು, ಮತ್ತೆ ಎತ್ತುವುದು. “ಅಬಾಬಾಬಾ, ಎಷ್ಟು ಚೆಲ್ಲಿದ್ರೂ ಯಾರೂ ಬೈಯಂಗಿಲ್ಲಲಾ!” ಎಂದು ನನ್ನ ಕಡೆ ನೋಡಿ ನಕ್ಕರು. ನನಗೆ ಹೆಮ್ಮೆಯಿಂದ ಕೊರಳು ಇಷ್ಟುದ್ದ ಆಗಿತ್ತು.

ಅಷ್ಟರಲ್ಲಿ ಮಾವ ಕಿವಿಗೆ ಕೈ ಹಚ್ಚಿ ಕೂತರು. “ಎಲ್ಲೈತಿ ಹೊಳಿ ಮಗಳ ನಿನ್ನ ಸದ್ದು? ಅಂಗಳದ ಮಟಾ ಕೇಳತೈತಿ ಅಂದಿದ್ದಿ. ಇಲ್ಲಿ ಗುಬ್ಬಿ ಕೂಗೂದು ಬಿಟ್ರ ಏನೂ ಇಲ್ಲ. ಬಾಯಿ ಬಡಾಯಿ ಏನು?” ನನ್ನ ಯಜಮಾನರೂ ಕಿಸಕ್ಕನೆ ನಕ್ಕರು.

ನಾನು ಕಿವಿಗೊಟ್ಟೆ. ಸದ್ದು ಇರಲಿಲ್ಲ. ಹೊರಡುವಾಗ ಸಣ್ಣಗಾದರೂ ಇದ್ದದ್ದು ಈಗ ಇರಲಿಲ್ಲ. ಅದರ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನೇನು ಹೇಳಿದೆ ಗೊತ್ತೇ? “ಇನ್ನ ಮುಂದೈತ್ರಿ ಮಾವಾರ. ತಿರುವು ದಾಟಿದ್ರ ಕೇಳಸ್ತೈತಿ.” ಗಂಡನ ಮುಂದೆ, ಅತ್ತೆಮಾವನ ಮುಂದೆ ಸುಳ್ಳಿ ಅನ್ನಿಸಿಕೊಳ್ಳುವುದಕ್ಕಿಂತ ಮುಳುಗುವುದೇ ಮೇಲು ಅನ್ನಿಸಿರಬೇಕು ನನಗೆ. ಎಂಥ ಹುಂಬತನ! ಅಪ್ಪ ನನ್ನನ್ನು ಒಂದೇ ಒಂದು ಸಲ ನೋಡಿದ.

ತಿರುವಿನಲ್ಲಿ ನೀರಿನ ಸೆಳೆತ ಸ್ವಲ್ಪ ಕಡಿಮೆ. ಅಪ್ಪ ಅಲ್ಲಿ ಉದ್ದನೆಯ ಬಿದಿರು ಗಳವನ್ನು ತಳದ ಬಂಡೆಗೆ ಊರಿ, ಮೇಲಿನ ತುದಿಗೆ ಕಿವಿ ಹಚ್ಚಿದ. ಧಬಧಬೆ ಬೀಳುತ್ತಿದ್ದರೆ ಬಂಡೆ ನಡುಗುತ್ತದೆ, ಗಳದಲ್ಲಿ ಗುಂಯ್‌ಗುಡುತ್ತದೆ. ಎರಡು ಉಸಿರಿನಷ್ಟು ಹೊತ್ತು ಕೇಳಿದ. ಗಳ ಎತ್ತಿ ಒಳಗಿಟ್ಟ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ, ಹರಿಗೋಲನ್ನು ದಡದ ಕಡೆ ತಿರುಗಿಸಿ ಎರಡೂ ಕೈಯಿಂದ ಹುಟ್ಟು ಹಾಕತೊಡಗಿದ.

“ಏನ್ರಿ ಬೀಗರ, ದಾರಿ ತಪ್ಪೀತೇನು?” ಮಾವ ಏಳಲು ಹೋದರು. ಹರಿಗೋಲು ಒಂದು ಕಡೆ ವಾಲಿ ಅತ್ತೆ ಚೀರಿದರು.

“ಬಾಯಿ ಮುಚ್ಚಿ ಕುಂದರ್ರಿ!” ಅಪ್ಪ ಗದರಿದ.

ನಮ್ಮ ಕಡೆ ಮಗಳನ್ನು ಕೊಟ್ಟವರು ಬೀಗರ ಎದುರು ದನಿ ಎತ್ತಿ ಮಾತಾಡುವುದಿಲ್ಲ. ನನ್ನಪ್ಪ ಅಂಥ ಬೀಗರಿಗೆ ಬಾಯಿ ಮುಚ್ಚು ಅಂದಿದ್ದ. ದಡ ಮುಟ್ಟಿಸಿ, ಜಾಲಿಯ ಬೊಡ್ಡೆಗೆ ಹರಿಗೋಲು ಕಟ್ಟಿದ. ಇಳಿದ ಮೇಲೆ ಮಾವನ ಸಿಟ್ಟು ಸ್ಫೋಟವಾಯಿತು. “ಅರ್ಧಾ ಹೊಳ್ಯಾಗಿಂದ ತಿರುಗಿಸಿ, ಮ್ಯಾಲ ಬಾಯಿ ಮುಚ್ಚು ಅಂತೀರಿ? ಇದು ನಿಮ್ಮ ಮರ್ಯಾದಿ ಏನು?” ನನ್ನ ಕಡೆ ತಿರುಗಿ, “ನೀ ಇಲ್ಲೇ ಇರವ್ವಾ. ನಿನ್ನ ಧಬಧಬಿ ಸದ್ದು ಮಾಡಿದ ದಿನ ಊರಿಗಿ ಬಾ,” ಎಂದರು. ನನ್ನ ಯಜಮಾನರು ನೆಲ ನೋಡುತ್ತ ನಿಂತರು.

ಗಂಡನ ಮನೆಯವರು ಬಿಟ್ಟು ಹೋದ ಹೆಣ್ಣುಮಗಳು! ನನಗೂ ಸಿಟ್ಟು ನೆತ್ತಿಗೇರಿತು. ಆ ಸಿಟ್ಟನ್ನೂ ನಾನು ತೀರಿಸಿಕೊಂಡದ್ದು ಯಾರ ಮೇಲೆ? “ಯಪ್ಪಾ, ನನ್ನ ಬಾಳೇ ಹಾಳು ಮಾಡಿದಿ ನೋಡು,” ಎಂದು ಅಪ್ಪನಿಗೇ ಅಂದೆ. ನಾನು ಸುಳ್ಳು ಹೇಳಿದ್ದನ್ನು ಅವನು ಆಗಲೂ ಬಯಲು ಮಾಡಲಿಲ್ಲ. ಮುಖದ ಬೆವರು ಒರೆಸಿಕೊಂಡು ಅಷ್ಟೇ ಹೇಳಿದ, “ಬೀಗರ, ಹೋಗೂದು ಹೋಗ್ರಿ. ಆದ್ರ ಒಂದ್ ಹತ್ತು ನಿಮಿಷ ನನ್ನ ಹಿಂದ ನಡೀರಿ.”

ಮಾವ ಅಲುಗಲಿಲ್ಲ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ನಾ ಬರತೇನ್ರಿ. ಇಲ್ಲಿ ಮಟಾ ಬಂದು ನೋಡದ ಹೋಗ್ಲೇನು?” ಅತ್ತೆ ಹೊರಟ ಮೇಲೆ ಮಾವ ನಿಂತು ಮಾಡುವುದೇನು? ಗೊಣಗುತ್ತ ಹಿಂದೆ ಬಂದರು.

ದಿಬ್ಬ ಏರಿ ನಿಂತೆವು. ಕೆಳಗೆ ಧಬಧಬೆ ಇರಲಿಲ್ಲ. ಬಂಡೆಗಳೂ ಇರಲಿಲ್ಲ. ದಡದಿಂದ ದಡಕ್ಕೆ ಕೆಂಪು ನೀರು ಸಪಾಟಾಗಿ, ಸದ್ದಿಲ್ಲದೆ, ಗಿರಿಗಿರಿ ಸುಳಿ ಹಾಕುತ್ತ ಓಡುತ್ತಿತ್ತು. ಮೇಲೆ ಎಲ್ಲೋ ಪಡುವಣ ಘಟ್ಟದ ಸೀಮೆಯಲ್ಲಿ ಸುರಿದ ಮಳೆಯ ನೀರು ನಾವು ದಾರಿಯಲ್ಲಿದ್ದಾಗ ಬಂದು ಮುಟ್ಟಿತ್ತು. ನೋಡುತ್ತಿದ್ದಂತೆಯೇ ಒಂದು ಇಡೀ ಬೇವಿನ ಮರ, ಬೇರು ಸಮೇತ, ತೇಲಿ ಬಂತು. ಸುಳಿಗೆ ಬಂದಾಗ ನೆಟ್ಟಗೆ ಎದ್ದು ನಿಂತಿತು. ಹಾಗೇ ಒಳಗೆ ಹೋಯಿತು. ನಾವು ಕಾಯುತ್ತಲೇ ಇದ್ದೆವು, ಅದು ಮೇಲೆ ಬರಲಿಲ್ಲ.

“ನಮ್ಮನ್ನ ಇಳಸೂ ಹಾಸುಗಲ್ಲು ಎಲ್ಲೈತ್ರಿ?” ಮಾವ ಕೇಳಿದರು.

“ಆ ಮರ ಹೋತಲ್ರಿ, ಅದರ ಬುಡಕ,” ಎಂದ ಅಪ್ಪ.

ಅತ್ತೆ ನನ್ನ ಕೈ ಹಿಡಿದುಕೊಂಡರು. ನನಗೆ ತಡೆಯಲಾಗಲಿಲ್ಲ. “ಮಾವಾರ, ಸದ್ದು ಸತ್ತಿದ್ದು ನನಗ ಗೊತ್ತಿತ್ರಿ. ಬಡಾಯಿ ಬಿಟ್ಟುಕೊಡಲಾರದ ಮುಂದೈತಿ ಅಂದೆ. ತಪ್ಪು ನಂದು. ನನ್ನ ಇಲ್ಲೇ ಬಿಟ್ಟು ಹೋಗ್ರಿ, ಆದ್ರ ನಮ್ಮಪ್ಪಗ ಒಂದು ಮಾತು ಅನಬ್ಯಾಡ್ರಿ,” ಎಂದು ಅಳುತ್ತ ಹೇಳಿದೆ.

ದಿಬ್ಬ ಇಳಿದು ಹರಿಗೋಲಿದ್ದಲ್ಲಿಗೆ ಬಂದೆವು. ಅಪ್ಪ ಅದನ್ನು ಬೋರಲು ಮಾಡಿ ತಲೆಯ ಮೇಲೆ ಎತ್ತಿಕೊಂಡ. ಹುಟ್ಟು ಮತ್ತು ಗಳ ನೆಲದ ಮೇಲೆ ಬಿದ್ದಿದ್ದವು. ನನ್ನ ಯಜಮಾನರು ಬಗ್ಗುವ ಮೊದಲೇ ಮಾವ ಬಗ್ಗಿ ಎರಡನ್ನೂ ಹೆಗಲಿಗೇರಿಸಿಕೊಂಡರು. ಆ ಗುಲಾಬಿ ರುಮಾಲಿನ ಮನುಷ್ಯ, ತನ್ನ ನೊಗವನ್ನೂ ಆಳಿನ ಕೈಯಲ್ಲಿ ಹೊರಿಸುತ್ತಿದ್ದವರು, ನನ್ನಪ್ಪನ ಹುಟ್ಟು ಹೊತ್ತು ಊರ ತನಕ ಅವನ ಹಿಂದೆ ನಡೆದರು. ಊರ ಅಗಸಿ ಬಾಗಿಲಲ್ಲಿ ಕೂತವರೆಲ್ಲ ಎದ್ದು ನಿಂತು ನೋಡಿದರು. ನನ್ನ ಮದುವೆಯ ದಿನವೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಬೆಳಗಾದ ಮೇಲೆ ಚಕ್ಕಡಿ ಹೂಡಿದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಮಾವ ಚಕ್ಕಡಿ ಏರಿ ಕೂತು, ನನ್ನನ್ನು ನೋಡಿ, “ಯಾಕ ನಿಂತೀಯವ್ವಾ? ಹತ್ತು. ಇಲ್ಲೇ, ನನ್ನ ಎದುರಿಗಿ ಕೂಡು. ಭಾರ ಸಮ ಆಗ್ಲಿ,” ಎಂದರು. ಅಪ್ಪ ಮುಖ ಆಚೆ ತಿರುಗಿಸಿಕೊಂಡ.

ಧಬಧಬೆಯನ್ನು ಅವರು ನೋಡಿದರು, ದೀಪಾವಳಿ ಕಳೆದ ಮೇಲೆ, ಹಾಸುಗಲ್ಲಿನ ಮೇಲೆ ಕೂತು, ಎಳ್ಳು ಹಚ್ಚಿದ ರೊಟ್ಟಿ ತಿನ್ನುತ್ತ. ಅಲ್ಲಿಗೆ ಹೋಗುವಾಗ ಇಡೀ ದಾರಿ ಹರಿಗೋಲಿನಲ್ಲಿ ಮಾವ ತುಟಿ ಎರಡು ಮಾಡಿರಲಿಲ್ಲ. ಸದ್ದು ಎಷ್ಟಿತ್ತೆಂದರೆ ಅಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ಇನ್ನು ನನಗೆ ಯಾರೂ ಸುಳ್ಳಿ ಅನ್ನುವ ಹಾಗಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಊರಿಗೆ ಮರಳಿದ ಮಾರನೇ ದಿನ ಬಾವಿಯಲ್ಲಿ ನೀರು ಸೇದುತ್ತಿದ್ದೆ. ಬಾವಿಯ ಪಕ್ಕದ ಕಟ್ಟೆಯ ಮೇಲೆ ಮಾವನ ಸುತ್ತ ನಾಲ್ಕಾರು ಜನ ಕೂತಿದ್ದರು. “ಮತ್ತ, ಧಬಧಬಿ ಹ್ಯಾಂಗಿತ್ರಿ?” ಎಂದು ಯಾರೋ ಕೇಳಿದರು.

“ಇತ್ತಪಾ, ಚಲೋ ಇತ್ತು,” ಎಂದರು ಮಾವ. “ಧಬಧಬಿ ಯಾರರೆ ತೋರಸ್ತಾರ. ಶ್ರಾವಣದಾಗ ನಾ ಹಟಾ ಹಿಡದು ಸಾಯಾಕ ಹೊಂಟಿದ್ದೆ. ನಮ್ಮ ಬೀಗ ನನಗ ಬಾಯಿ ಮುಚ್ಚು ಅಂದು ಮನಿಗಿ ಕರಕೊಂಡ್ ಬಂದ. ಅಂಥಾ ಮನಿತನದ ಹೆಣ್ಣು ತಂದೇವಿ ನಾವು.”

ಹಗ್ಗ ನನ್ನ ಕೈಯಲ್ಲಿ ನಿಂತೇಬಿಟ್ಟಿತು. ತುಂಬಿದ ಕೊಡ ಅರ್ಧ ಬಾವಿಯಲ್ಲಿ ತೂಗಾಡುತ್ತ ನೀರು ಚೆಲ್ಲುತ್ತಿತ್ತು. ಪಕ್ಕದಲ್ಲಿದ್ದ ಅತ್ತೆ ಅದನ್ನು ನೋಡಿದರು, ಆ ದಿನ ಮಾತ್ರ ಬೈಯಲಿಲ್ಲ.